ಟ್ರೇ ತರಲು ಎದ್ದವರು

ಇನ್ನೊಮ್ಮೆ ಕಾಫಿ ಟ್ರೇ ಹಿಡಿದು ಯಾರ ಮುಂದೆಯೂ ನಿಲ್ಲುವುದಿಲ್ಲ ಎಂದು ಮನೆಯಲ್ಲಿ ಹಟ ಹಿಡಿದಿದ್ದೆ. ಮದ್ರಾಸಿನ ಪಲ್ಲಾವರಂನ ನಮ್ಮ ಮನೆಗೆ ಹೆಣ್ಣು ನೋಡಲು ಬಂದವರೆಲ್ಲ ಉಪ್ಪಿಟ್ಟು, ಕೇಸರಿಬಾತು ಚಪ್ಪರಿಸಿ, ನಾನು ಅಡುಗೆಮನೆಯಿಂದ ಟ್ರೇ ಹಿಡಿದು ಬರುವುದನ್ನು ಸಂತೆಯಲ್ಲಿ ದನದ ನಡಿಗೆ ನೋಡುವವರ ಹಾಗೆ ನೋಡಿ, ಆಮೇಲೆ ತಿಳಿಸುತ್ತೇವೆ ಎಂದು ಹೊರಟುಹೋಗಿದ್ದರು. ಒಬ್ಬಾಕೆಯಂತೂ ಹುಡುಗಿಗೆ ಕೈ ನಡುಗುವ ಕಾಯಿಲೆ ಏನಾದರೂ ಇದೆಯೇ ಎಂದು ಆಮೇಲೆ ವಿಚಾರಿಸಿದ್ದರು. ನನ್ನ ಕೈ ನಡುಗಿದ್ದು ಸಿಟ್ಟಿಗೆ.

ಮುಂದಿನ ಗಂಡಿನ ಕಡೆಯವರು ಬೆಸೆಂಟ್ ನಗರದಲ್ಲಿದ್ದರು. ಅಲ್ಲಿ ಬೀಚಿನ ಹತ್ತಿರ ಒಂದು ಹೊಸ ಕಾಫಿ ಶಾಪ್ ತೆರೆದಿದೆ, ಸಿನಿಮಾ ಸೆಟ್ಟಿನ ಹಾಗಿದೆ ಎಂದು ಆಫೀಸಿನ ಗೆಳತಿಯರು ಹೇಳುತ್ತಿದ್ದರು. ನೋಡುವುದಾದರೆ ಅಲ್ಲೇ ನೋಡಲಿ ಎಂದೆ. ಅಪ್ಪ ಒಪ್ಪಿದರು. ಅಮ್ಮ ಮಾತ್ರ ಕೋಡುಬಳೆ ಕರಿಯುತ್ತಲೇ ಸಿಡುಕಿದಳು.

"ಹೋಟ್ಲಲ್ಲಿ ಹೆಣ್ಣು ತೋರ್ಸೋದನ್ನ ನಾನೆಲ್ಲೂ ಕೇಳಿಲ್ಲ. ಜಾತಕ ಕೂಡಿದೆ, ಒಳ್ಳೆ ಜನ. ಇದೂ ತಪ್ಪಿಹೋದ್ರೆ ಇನ್ಮೇಲೆ ನಿನ್ನ ಮದುವೆ ಮಾತು ನಾನೆತ್ತಲ್ಲ, ನೋಡ್ಕೋ."

ಅದು ಬರೀ ಬೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಅಪ್ಪನಿಗೆ ಪ್ಯಾರೀಸ್ ಕಾರ್ನರಿನ ಆಫೀಸಿನಿಂದ ನಿವೃತ್ತಿಯಾಗುವ ಸಮಯ ಹತ್ತಿರ ಬಂದಿತ್ತು. ಅಷ್ಟರೊಳಗೆ ನನ್ನ ಮದುವೆ ಆಗಬೇಕೆಂದು ಅಮ್ಮ ಹೊರದ ಹರಕೆಯಿರಲಿಲ್ಲ.

ಕಾಲ್ ಟ್ಯಾಕ್ಸಿ ಇಳಿದು ಗಾಜಿನ ಬಾಗಿಲು ತಳ್ಳಿದೆವು. ಎಸಿಯ ಚಳಿ, ಕಿತ್ತಳೆ ಬಣ್ಣದ ಗೋಡೆ, ಇಂಗ್ಲಿಷ್ ಹಾಡು. ಸೋಫಾಗಳು ಎಷ್ಟು ತಗ್ಗಾಗಿದ್ದವೆಂದರೆ, ರೇಷ್ಮೆ ಸೀರೆಯುಟ್ಟ ಅಮ್ಮ ಕೂತವಳು ಅರ್ಧ ಕಾಣೆಯಾದಳು. ಕೋಡುಬಳೆ ಡಬ್ಬಿಯ ಚೀಲ ಅವಳ ಮಡಿಲಲ್ಲಿತ್ತು. ಇಲ್ಲಿ ಮಾತ್ರ ಅದನ್ನು ತೆರೆಯಬೇಡ ಎಂದು ದಾರಿಯುದ್ದಕ್ಕೂ ಬೇಡಿಕೊಂಡಿದ್ದೆ.

ಹುಡುಗ ತನ್ನ ತಾಯಿಯ ಜೊತೆ ಬಂದ. ಲಕ್ಷಣವಾಗಿದ್ದ, ನಗು ಚೆನ್ನಾಗಿತ್ತು. ಅವನ ಅಜ್ಜನ ಕಾಲದಲ್ಲೇ ಮದ್ರಾಸಿಗೆ ಬಂದವರು ಅವರು. "ಇವನಿಗೆ ಕನ್ನಡ ನಲ್ಲಾ ಅರ್ಥ ಆಗತ್ತೆ, ಬಾಯಿಗೆ ಬರಲ್ಲ, ಅಷ್ಟೇ" ಎಂದು ಅವನ ತಾಯಿ ತಮಿಳು ಬೆರೆತ ಕನ್ನಡದಲ್ಲಿ ಹೇಳಿ ನಕ್ಕರು. ಅವನು ಇಂಗ್ಲಿಷಿನಲ್ಲಿ ನನ್ನ ಕೆಲಸದ ಬಗ್ಗೆ ಕೇಳಿದ, ನಾನು ಹೇಳಿದ್ದನ್ನು ಗಮನವಿಟ್ಟು ಕೇಳಿಸಿಕೊಂಡ. ಅವನು ನನಗೆ ಹಿಡಿಸಿದ್ದ. ಸುಳ್ಳೇಕೆ ಹೇಳಲಿ, ಈ ಸಲ ಹೂಂ ಅಂದುಬಿಡಬಹುದು ಎಂದು ಎದೆ ಹಗುರಾಗಿತ್ತು.

ಅವರು ಬಂದ ಕೂಡಲೇ ಕೌಂಟರಿನಲ್ಲಿ ಐವರಿಗೂ ಕಾಫಿ ಹೇಳಿ, ನಂಬರಿನ ಚೀಟಿ ತೆಗೆದುಕೊಂಡು ಕೂತಿದ್ದೆವು. ಕೌಂಟರಿನ ಹೆಂಗಸು ನಮ್ಮ ನಂಬರು ಕೂಗಿದಳು. ತಂದುಕೊಡುತ್ತಾರೆ ಎಂದು ನಾನು ಸುಮ್ಮನೆ ಕೂತಿದ್ದೆ. ಅವಳು ಮತ್ತೆ ಕೂಗಿ, ನಮ್ಮತ್ತ ಕೈ ಮಾಡಿ, "ನೀಂಗದಾನ್ ಎಡುತ್ತುಕ್ಕಣುಂ" ಎಂದಳು. ನೀವೇ ತೆಗೆದುಕೊಂಡು ಹೋಗಬೇಕು ಎಂದು. ಕೌಂಟರಿನ ಮೇಲೆ ಐದು ದೊಡ್ಡ ಕಪ್ಪುಗಳನ್ನಿಟ್ಟ ಟ್ರೇ ಕಾಣಿಸಿತು.

ಯಾವುದರಿಂದ ತಪ್ಪಿಸಿಕೊಂಡು ಅಷ್ಟು ದೂರ ಬಂದಿದ್ದೆನೋ ಅದು ಅಲ್ಲಿ ಹಬೆಯಾಡುತ್ತಾ ನನಗಾಗಿ ಕಾದಿತ್ತು.

ಅಮ್ಮ ಕಣ್ಣಲ್ಲೇ ಏಳು ಎಂದಳು. ನಾನು ಏಳಲಿಲ್ಲ.

"ಹೋಗಮ್ಮ, ತಗೊಂಡು ಬಾ" ಎಂದರು ಹುಡುಗನ ತಾಯಿ, ಸಹಜವಾಗಿಯೇ. "ಎಲ್ಲಿ ಕುಡಿದ್ರೇನು, ಹುಡುಗಿ ಕೈಯಿಂದ ಕುಡಿಯೋದೇ ಶಾಸ್ತ್ರ ಅಲ್ವಾ?"

ಎದ್ದರೆ ನನ್ನ ಹಟಕ್ಕೆ ಅರ್ಥವಿಲ್ಲ, ಏಳದಿದ್ದರೆ ಸಂಬಂಧ ಉಳಿಯುವುದಿಲ್ಲ. ಅಮ್ಮನ ಬೆರಳು ನನ್ನ ತೊಡೆಯನ್ನು ಚಿವುಟುತ್ತಿತ್ತು. ನಾನು ಹುಡುಗನ ಮುಖ ನೋಡಿದೆ. ಕೌಂಟರ್ ಅವನಿಗೇ ಹತ್ತಿರ. ಅವನು ನನ್ನನ್ನು ನೋಡಿ ಚೆಂದವಾಗಿ ನಕ್ಕು, ಸೋಫಾಕ್ಕೆ ಒರಗಿ, ಮೊಬೈಲು ತೆಗೆದ.

ಕೌಂಟರಿನವಳು ಇನ್ನೊಮ್ಮೆ ಕೂಗಿದಳು. ಪಕ್ಕದ ಮೇಜಿನವರು ತಿರುಗಿ ನೋಡಿದರು.

ಆಗ ಅಪ್ಪ ಸೋಫಾದ ಅಂಚು ಹಿಡಿದು ಎದ್ದರು. ಮನೆಯಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಎತ್ತಿ ಆ ಕಡೆ ಇಡದವರು, ಕುಡಿದ ಲೋಟವನ್ನು ಕೂತಲ್ಲೇ ಬಿಟ್ಟೇಳುವವರು, ಹೋಗಿ ಆ ಟ್ರೇ ಎತ್ತಿಕೊಂಡರು. ತುಂಬಿದ ಕೊಡ ಹೊತ್ತವರ ಹಾಗೆ ಕಾಲು ನೋಡಿಕೊಂಡು ಬಂದರು. ನೊರೆ ತುಳುಕಿ ತಟ್ಟೆಗೆ ಬಿತ್ತು. ಅವರ ಕೈಯೂ ನಡುಗುತ್ತಿತ್ತು. ಮೊದಲು ಹುಡುಗನ ತಾಯಿಗೆ ಬಗ್ಗಿ ಕೊಟ್ಟರು. ಆಮೇಲೆ ಹುಡುಗನ ಮುಂದೆ ಬಗ್ಗಿದರು. ಅವನು ಕೂತಲ್ಲಿಂದಲೇ, ಮೊಬೈಲಿನಿಂದ ಒಂದು ಕೈ ಮಾತ್ರ ಬಿಡಿಸಿ ಕಪ್ಪು ತೆಗೆದುಕೊಂಡು, "ಥ್ಯಾಂಕ್ಯೂ ಅಂಕಲ್" ಎಂದ.

ಆ ಕಾಫಿಯ ರುಚಿ ನನಗೆ ನೆನಪಿಲ್ಲ.

ಹೊರಗೆ ಬಂದಾಗ ಹುಡುಗನ ತಾಯಿ ಅಮ್ಮನ ಕೈ ಹಿಡಿದುಕೊಂಡರು. "ಹುಡುಗಿಗೆ ಸ್ವಲ್ಪ ನಾಚಿಕೆ. ಪರವಾಗಿಲ್ಲ, ನಮಗೆ ಒಪ್ಪಿಗೆ" ಎಂದರು. ಅಮ್ಮನ ಕಣ್ಣು ತುಂಬಿತು. ಟ್ಯಾಕ್ಸಿಯಲ್ಲಿ ಕೂತವಳೇ ಮುಹೂರ್ತದ ಮಾತಿಗೆ ಶುರುಮಾಡಿದಳು. ನಾನು ಬೇಡ ಎಂದೆ.

"ಏನು ಬೇಡ?"

"ಈ ಹುಡುಗ ಬೇಡಮ್ಮ."

"ತಲೆ ಕೆಟ್ಟಿದ್ಯಾ ನಿಂಗೆ? ಏನ್ ಕಮ್ಮಿ ಆಗಿದೆ ಅವ್ನಿಗೆ? ನಕ್ಕೊಂಡ್ ನಕ್ಕೊಂಡ್ ಮಾತಾಡ್ದೆ, ಈಗ ಬೇಡ್ವಾ?" ಡ್ರೈವರ್ ಕನ್ನಡಿಯಲ್ಲಿ ನೋಡುವಷ್ಟು ಜೋರಾಗಿ ಅಮ್ಮ ಕೂಗಾಡಿದಳು. ಊರಿನವರಿಗೆ ಏನು ಹೇಳಲಿ ಎಂದಳು. ಅಪ್ಪ ಮುಂದಿನ ಸೀಟಿನಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಅವರೂ ಬೈದರೆ ನಾನು ಸೋಲುತ್ತೇನೆ ಎಂಬ ಹೆದರಿಕೆಯಲ್ಲೇ ಬಾಯಿಬಿಟ್ಟೆ.

"ಅಪ್ಪ ಎದ್ದು ಹೋಗಿ ತಂದ್ರು. ಅವ್ನು ಕೂತೇ ಇದ್ದ."

ಟ್ಯಾಕ್ಸಿ ಗಿಂಡಿ ಬಡಾವಣೆ ದಾಟುವವರೆಗೂ ಅಮ್ಮ ಹೊರಗೆ ನೋಡುತ್ತಿದ್ದಳು. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದಳು. ನನ್ನ ಕೈಗೆ ಎರಡು ಕೋಡುಬಳೆ ಇಟ್ಟಳು.

"ನಮ್ಮಪ್ಪನ ಮನೇಲಿ ನನ್ನ ನೋಡೋಕೆ ಬಂದಾಗ್ಲೂ ಅಷ್ಟೇ" ಎಂದಳು, ಮುಂದಿನ ಸೀಟಿಗೂ ಕೇಳಿಸುವ ಹಾಗೆ. "ಕಾಲಿಗೆ ಬಿಸಿ ಕಾಫಿ ಚೆಲ್ಕೊಂಡು ನಾನು ನಿಂತಿದ್ದೆ. ನಿಮ್ಮಪ್ಪ ಕೂತೇ ಇದ್ರು. ಅವ್ರು ಏಳೋದಕ್ಕೆ ಈ ವಯಸ್ಸಾಗ್ಬೇಕಾಯ್ತು. ಬೇಡ ಬಿಡು, ನೀನು ಅಷ್ಟು ವರ್ಷ ಕಾಯಬೇಡ."

ಅಪ್ಪ ತಿರುಗಿ ನೋಡಲಿಲ್ಲ. ಅಮ್ಮ ಡಬ್ಬಿ ಮುಂದಕ್ಕೆ ಚಾಚಿದಾಗ, ಹಿಂದಕ್ಕೆ ಕೈ ನೀಡಿ ಒಂದು ಕೋಡುಬಳೆ ತೆಗೆದುಕೊಂಡರು.