ಗಾಟ್‌ಫ್ರೀಡ್ ಎಂದರೇನು

ನಮ್ಮ ಬಿಲ್ಡಿಂಗಿನ ಕೆಳಗೆ ಗ್ರಿಲ್ ಕೆಲಸ ನಡೆಯುತ್ತಿದೆ. ಕಾದ ಕಬ್ಬಿಣಕ್ಕೆ ಎಣ್ಣೆ ತಾಗಿದ ವಾಸನೆ ಬೆಳಿಗ್ಗೆ ಮೂರನೇ ಮಹಡಿಯವರೆಗೂ ಬಂತು. ಬಂದದ್ದೇ ನನ್ನನ್ನು ಜೋಗೇಶ್ವರಿಯ ಹಳೆಯ ವರ್ಕ್‌ಶಾಪಿಗೆ, ಲೇತ್ ಮೆಷಿನ್ನಿನ ಮುಂದೆ ನಿಂತ ಗಾಟ್‌ಫ್ರೀಡನ ಬಳಿಗೆ ಕರೆದೊಯ್ದಿತು.

ಅವನು ಬೆಟಗೇರಿಯ ಕ್ರೈಸ್ತರ ಮನೆಯವನು. ಮುತ್ತಜ್ಜನಿಗೆ ದೀಕ್ಷಾಸ್ನಾನ ಕೊಟ್ಟ ಜರ್ಮನ್ ಪಾದ್ರಿಯ ಹೆಸರು ಮನೆತನದಲ್ಲಿ ಇಳಿದುಬಂದು ಇವನ ಪಾಲಿಗೆ ಬಿದ್ದಿತ್ತು. ಅರ್ಥ ಯಾರಿಗೂ ಗೊತ್ತಿರಲಿಲ್ಲ. ವರ್ಕ್‌ಶಾಪಿನಲ್ಲಿ ಎಲ್ಲರೂ ಅವನನ್ನು ‘ಗುಡ್ ಫ್ರೈಡೆ’ ಎನ್ನುತ್ತಿದ್ದರು. ಹಾಗೆ ಮೊದಲು ಕರೆದ ಮಹಾನುಭಾವ ನಾನೇ. ಮೈಸೂರಿನಿಂದ ಬಂದ ಸೂಪರ್‌ವೈಸರ್. ನಾಲ್ಕು ಜನ ನಕ್ಕರೆ ಬುದ್ಧಿವಂತನಾದೆನೆಂದು ನಂಬುವ ಕಾಲ ಅದು. ಅವನಿಗೋ ಮೂಗಿನ ತುದಿಯಲ್ಲೇ ಸಿಟ್ಟು.

ಅವನ ಅಣ್ಣ ವಡಾಲದಲ್ಲಿದ್ದ. ಇಬ್ಬರೂ ಮಾತು ಬಿಟ್ಟು ಹನ್ನೊಂದು ವರ್ಷವಾಗಿತ್ತು. ತಾಯಿ ಬೆಟಗೇರಿಯಲ್ಲಿ ತೀರಿಕೊಂಡಾಗ ಅಣ್ಣನೂ ಊರಲ್ಲೇ ಇದ್ದ. ಇವನು ರೈಲು ಹತ್ತಿ ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಬಿಟ್ಟಿದ್ದರು.

“ಅವ್ವನ ಮಾರಿ ನೋಡಗೊಡಲಿಲ್ಲರಿ ಸಾಹೇಬ್ರ. ಎರಡು ತಾಸು ಕಾಯಾಕ ಆಗಲಿಲ್ಲ ಅವಗ,” ಎನ್ನುತ್ತಿದ್ದ.

ಒಮ್ಮೆ ಹೊಸ ಮೆಷಿನ್ ಕೂರಿಸಲು ಜರ್ಮನಿಯಿಂದ ವಯಸ್ಸಾದ ಇಂಜಿನಿಯರ್ ಒಬ್ಬ ಬಂದ. ಇವನ ಹೆಸರು ಕೇಳಿ ಬೆರಗಾದ. ತನ್ನ ತಾತನ ಹೆಸರೂ ಅದೇ ಎಂದ; ಈಗ ಮಕ್ಕಳಿಗೆ ಅದನ್ನು ಇಡುವವರೇ ಅಪರೂಪವಂತೆ. ‘ಗಾಟ್’ ಎಂದರೆ ದೇವರು, ‘ಫ್ರೀಡ್’ ಎಂದರೆ ಶಾಂತಿ, ಎರಡೂ ಬಹಳ ಹಳೆಯ ಮಾತುಗಳು ಎಂದು ಇಂಗ್ಲಿಷಿನಲ್ಲಿ ವಿವರಿಸಿದ.

“ದೇವರ ಶಾಂತಿ ಅಂತ ಕಣಯ್ಯಾ ನಿನ್ನ ಹೆಸರು,” ಎಂದೆ ನಾನು.

“ನಮ್ಮ ಬೈಬಲ್ಲಿನಾಗ ಅದಕ್ಕ ಸಮಾಧಾನ ಅಂತಾರ್ರಿ,” ಎಂದ ಗಾಟ್‌ಫ್ರೀಡ್. ಮೆಷಿನ್ ನಿಲ್ಲಿಸಿದ. “ಅವ್ವ ಸಿಟ್ಟಾದಾಗ ಸುದ್ದಾ ಪೂರ್ತಿ ಹೆಸರು ಹಿಡದು ಕರೀತಿದ್ಲು. ಏನಂತ ಕರೀತೀನಿ ಅನ್ನೋದು ಆಕೀಗೂ ಗೊತ್ತಿರ್ಲಿಲ್ಲ,” ಎಂದ.

ಆ ಭಾನುವಾರ ನನ್ನ ಮನೆಗೆ ಬಂದ. “ವಡಾಲಕ್ಕ ಹೊಂಟೀನ್ರಿ. ಒಬ್ಬನ ಹೋದ್ರ ಜಗಳಾ ಮಾಡತೀನಿ. ನೀವೂ ಬರ್ರಿ.”

ಜೋಗೇಶ್ವರಿಯಿಂದ ವಡಾಲಕ್ಕೆ ಒಂದೇ ಲೋಕಲ್. ಗಾಡಿ ಬದಲಿಸುವುದೂ ಬೇಡ.

ಅಣ್ಣನೇ ಬಾಗಿಲು ತೆರೆದ. “ಭಾಳ ತಡಾ ಮಾಡಿದಿ,” ಎಂದ. ಗಾಟ್‌ಫ್ರೀಡನ ಮುಷ್ಟಿ ಬಿಗಿಯಾಯಿತು. ನಾನು ಗಾಬರಿಯಿಂದ ತೋಳು ಹಿಡಿದೆ. ಆದರೆ ಅವನು ಕೇಳಿದ್ದು ಇಷ್ಟೇ: “ಯಾಕ ಕಾಯಲಿಲ್ಲ ಅಣ್ಣಾ?”

“ಕಡು ಬ್ಯಾಸಗಿ. ಬರ್ಫ ಸಿಗಲಿಲ್ಲ. ಅವ್ವನ ಮೈ ತಡೀಲಿಲ್ಲೋ. ಆ ಮಾರಿ ನೀ ನೋಡಬಾರದಿತ್ತು. ಅದನ್ನ ನಿನಗ ಹೆಂಗ ಹೇಳ್ಲಿ? ನನ್ನ ಬೈದ್ರ ಬೈಲಿ ಅಂತ ಸುಮ್ಮನಾದೆ.”

ಗಾಟ್‌ಫ್ರೀಡ್ ಹೊಸ್ತಿಲ ಮೇಲೆಯೇ ಕುಸಿದು ಕೂತು ಅತ್ತ. ಅಣ್ಣನೂ ಪಕ್ಕದಲ್ಲಿ ಕೂತ. ನಾನು ಚಪ್ಪಲಿ ಬಿಡಲೋ ಬೇಡವೋ ತಿಳಿಯದೆ ಮೆಟ್ಟಿಲ ಬಳಿ ನಿಂತಿದ್ದೆ.

ಆಮೇಲೆ ಅವನ ಸಿಟ್ಟು ಹೋಯಿತೆಂದು ತಿಳಿಯಬೇಡಿ. ಮರುದಿನವೇ ಡ್ರಿಲ್ ಬಿಟ್ ಮುರಿದವನಿಗೆ ತಗಡು ಹಾರುವಂತೆ ಬೈದ. ಆದರೆ ಅಣ್ಣ ಹಾಸಿಗೆ ಹಿಡಿದಾಗ ರಜೆ ಹಾಕಿ ಕೊನೆಯವರೆಗೂ ಪಕ್ಕದಲ್ಲಿದ್ದವನು ಅವನೇ. ನಾನು ಅವನನ್ನು ಪೂರ್ತಿ ಹೆಸರಿನಿಂದಲೇ ಕರೆಯತೊಡಗಿದ್ದೆ.

ಇಷ್ಟು ಬರೆದು ಪೆನ್ನು ಮುಚ್ಚಿದ ಮೇಲೆ ಕೂರಲಾಗಲಿಲ್ಲ. ಸಾಂತಾಕ್ರೂಜಿನಲ್ಲಿ ನನ್ನ ತಂಗಿ ಇದ್ದಾಳೆ. ಅಪ್ಪನ ತಿಥಿಯ ದಿನ ಆಡಿದ ಒಂದು ಮಾತಿಗೆ ಆರು ವರ್ಷದಿಂದ ಫೋನೂ ಇಲ್ಲ. ಮಾತು ಆಡಿದವನು ನಾನು.

“ಊಟದ ಹೊತ್ತಲ್ಲಿ ಎಲ್ಲಿಗೆ ರೀ?” ಎಂದಳು ಹೆಂಡತಿ. ಹೇಳಿದೆ. ಅವಳು ಛತ್ರಿ ತಂದುಕೊಟ್ಟಳು.

ತಂಗಿ ಬಾಗಿಲು ತೆರೆದು ಏನನ್ನುತ್ತಾಳೋ ತಿಳಿಯದು. ಏನಂದರೂ ಪೂರ್ತಿ ಕೇಳಿಸಿಕೊಳ್ಳುತ್ತೇನೆ.