ಕತ್ತರಿಸಿದ ಫೋಟೋಗೆ ಲೈಕ್ ಒತ್ತದ ಆಂಟಿ

ಆಂಟಿ ಟೈಮ್ ನೋಡುತ್ತಿದ್ದದ್ದು ಗದ್ದವನ್ನು ಎದೆಗೆ ಒತ್ತಿಕೊಂಡು. ಅವರ ಎಡಭುಜದ ಕೆಳಗೆ, ಪಿನ್ನಿಗೆ ಸಿಕ್ಕಿಸಿದ ಒಂದು ಪುಟ್ಟ ಗಡಿಯಾರ ಯಾವಾಗಲೂ ನೇತಾಡುತ್ತಿತ್ತು. ಎದುರಿಗೆ ಕೂತ ನಮಗೆ ಅದು ತಲೆಕೆಳಗು, ಅವರಿಗೆ ನೇರ. ಐರ್ಲೆಂಡಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದಾಗಿನ ಅಭ್ಯಾಸ ಅದು. ಕೈಗೆ ವಾಚು ಕಟ್ಟಿದರೆ ಕೈ ತೊಳೆಯುವುದಕ್ಕೆ ಅಡ್ಡ ಎಂದು ಅಲ್ಲಿನ ನರ್ಸುಗಳು ಹಾಗೆ ಸಿಕ್ಕಿಸಿಕೊಳ್ಳುತ್ತಾರಂತೆ. ರಿಟೈರ್ ಆಗಿ, ಗಂಡ ತೀರಿಕೊಂಡ ಮೇಲೆ ಮಗಳಿಗೆ ಹತ್ತಿರವಾಗಲೆಂದು ಅಮೆರಿಕದ ಮೇರಿಲ್ಯಾಂಡಿನ ಜರ್ಮನ್‌ಟೌನಿಗೆ ಬಂದರೂ ಆ ಗಡಿಯಾರ ಇಳಿಯಲಿಲ್ಲ. ಮನೆಯ ನೈಟಿಯ ಮೇಲೂ ಇತ್ತು, ಚರ್ಚಿಗೆ ಉಡುವ ಸೀರೆಯ ಮೇಲೂ ಇತ್ತು.

ಅವರು ಮಂಗಳೂರಿನ ಕಡೆಯ ಕ್ಯಾಥೊಲಿಕ್ಕರು, ನಾನು ಅರಸೀಕೆರೆಯವನು. ಒಂದೇ ಅಪಾರ್ಟ್‌ಮೆಂಟಿನಲ್ಲಿ ಅವರು ಕೆಳಗೆ, ನಾವು ಮೇಲೆ. ನನ್ನ ಹೆಂಡತಿಗೆ ಹೈವೇ ಪಕ್ಕದ ಲ್ಯಾಬಿನಲ್ಲಿ ಕೆಲಸ. ನಾನು ಸ್ಕೂಲ್ ಬಸ್ ಓಡಿಸುತ್ತೇನೆ. ಎಸ್‌ಎಸ್‌ಎಲ್‌ಸಿ ಪಾಸಾಗಿದ್ದೇ ಮದುವೆಯಾದ ಮೇಲೆ, ಹಾಗಾಗಿ ಇಲ್ಲಿ ಬಸ್ ಲೈಸೆನ್ಸಿನ ಪರೀಕ್ಷೆಗೆ ಇಂಗ್ಲಿಷಿನಲ್ಲಿ ಓದಬೇಕು ಎಂದಾಗ ಕೈ ಚೆಲ್ಲಿ ಕೂತಿದ್ದೆ. ಆಗ ಕೂರಿಸಿಕೊಂಡು ಓದಿಸಿದವರು ಆಂಟಿ. ಅರ್ಥವಾಯಿತು ಎಂದು ನಾನು ತಲೆ ಆಡಿಸಿದರೆ ಬಿಡುತ್ತಿರಲಿಲ್ಲ.

"ತಲೆ ಆಡಿಸ್ಬೇಡ ಮಾರಾಯಾ. ಬಾಯಲ್ಲಿ ಹೇಳು. ತಲೆ ಆಡಿಸಿದ ಪೇಷೆಂಟೇ ಮಾತ್ರೆ ನುಂಗದೆ ದಿಂಬಿನ ಕೆಳಗೆ ಇಡುವುದು."

ಲೈಸೆನ್ಸ್ ಬಂತು. ಬೆಳಗಿನ ಟ್ರಿಪ್ಪಿಗೂ ಮಧ್ಯಾಹ್ನದ ಟ್ರಿಪ್ಪಿಗೂ ನಡುವೆ ಬಿಡುವು ಸಿಗುತ್ತದೆ. ಆ ಹೊತ್ತಿಗೆ ಅವರ ಮನೆಯಲ್ಲಿ ಟೀ ಕುಡಿಯುವುದು ರೂಢಿಯಾಯಿತು. ಐಪ್ಯಾಡನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿ ಆಂಟಿ ಐರ್ಲೆಂಡಿನ ರಾಜಕಾರಣಿಗಳ ಫೇಸ್‌ಬುಕ್ ನೋಡುತ್ತಿದ್ದರು. ಬೇರೆಯವರು ಸೀರಿಯಲ್ ನೋಡುವ ಹಾಗೆ. ಯಾರು ಏನು ಬರೆದರು, ಯಾವುದನ್ನು ಅಳಿಸಿದರು, ಎಲ್ಲ ಅವರಿಗೆ ಗೊತ್ತು.

"ಇವನನ್ನು ನೋಡು. ಜೂನ್ ತಿಂಗಳು ಪೂರ್ತಿ ಸಲಿಂಗಿಗಳ ಪರ ಕಾಮನಬಿಲ್ಲಿನ ಬಾವುಟ. ಜುಲೈ ಬಂದ ಕೂಡಲೇ ಮಾಯ. ಇವನಿಗೆ ಸಮಾನತೆ ಅಂದ್ರೆ ಮಾವಿನಹಣ್ಣಿನ ಹಾಗೆ, ಸೀಸನ್ ಉಂಟು."

ಇನ್ನೊಬ್ಬ ರಾಜಕಾರಣಿ ದಿನಾ ತನ್ನ ನಾಯಿಯ ಜೊತೆ ಫೋಟೋ ಹಾಕುತ್ತಿದ್ದ. ಕೆಳಗೆ ಲೈಕೋ ಲೈಕು. ಆಂಟಿ ಬೆರಳಿನಿಂದ ದೊಡ್ಡದು ಮಾಡಿ ನೋಡಿ, "ನಾಯಿಗೆ ಓಟು ಹಾಕ್ಬಹುದು. ಇವನಿಗೆ ಬೇಡ" ಎಂದರು.

ಈ ಆಸಕ್ತಿಗೆ ಕಾರಣವಿತ್ತು. ಅವರ ಮಗ ಅದೇ ಊರಿನಲ್ಲಿ ಉಳಿದುಕೊಂಡಿದ್ದ. ಅಲ್ಲಿನವನೇ ಆದ ಒಬ್ಬ ಬಡಗಿಯನ್ನು ಮದುವೆಯಾಗಿದ್ದ. ಇಬ್ಬರೂ ಸೂಟು ಹಾಕಿ ನಿಂತ ಮದುವೆಯ ಫೋಟೋ ಆಂಟಿಯ ಮನೆಯ ಹಾಲಿನಲ್ಲಿ, ಏಸುವಿನ ಪಟದ ಪಕ್ಕದಲ್ಲೇ ಇತ್ತು. ಮೊದಲ ಸಲ ನೋಡಿದಾಗ ನಾನು ಸ್ನೇಹಿತರು ಇರಬೇಕು ಅಂದುಕೊಂಡಿದ್ದೆ. ಆಂಟಿಯೇ ಹೇಳಿದರು.

"ಆಂಟಿ, ನಿಮಗೆ ಬೇಜಾರಾಗ್ಲಿಲ್ವಾ?"

"ಆಯ್ತು ಮಾರಾಯಾ. ಯಾಕೆ ಸುಳ್ಳು ಹೇಳುವುದು? ಗುರುತು ಪರಿಚಯ ಇಲ್ಲದ ಪೇಷೆಂಟುಗಳು ಹೆಂಡತಿಗೆ ಹೇಳದ್ದನ್ನೂ ನನ್ನ ಹತ್ರ ಹೇಳ್ತಿದ್ರು. ನನ್ನ ಮಗನಿಗೆ ಹೇಳ್ಲಿಕ್ಕೆ ಹೆದರಿಕೆ ಆಯ್ತಲ್ಲ, ಅದಕ್ಕೆ ಬೇಜಾರು."

ಇನ್ನೊಂದು ಮಾತನ್ನೂ ಹೇಳಿದರು. ಗಂಡು ಗಂಡನ್ನು, ಹೆಣ್ಣು ಹೆಣ್ಣನ್ನು ಮದುವೆಯಾಗಬಹುದೇ ಎಂದು ಐರ್ಲೆಂಡಿನಲ್ಲಿ ಜನರನ್ನೇ ಕೇಳಿ ಓಟು ಹಾಕಿಸಿದ್ದರು. ಆಗ ಆಂಟಿ ಡ್ಯೂಟಿ ಮುಗಿಸಿ, ಯೂನಿಫಾರ್ಮಿನಲ್ಲೇ ಹೋಗಿ ಆಗಬಹುದು ಎಂದು ಹಾಕಿ ಬಂದಿದ್ದರಂತೆ. "ವಾರ್ಡಿನಲ್ಲಿ ಅಂಥ ಇಬ್ಬರು ಮುದುಕರನ್ನು ನೋಡಿದ್ದೆ, ಅವರಿಗಾಗಿ ಹಾಕಿದೆ. ಅದು ನನ್ನ ಮನೆಗೇ ಹಾಕಿದ ಓಟು ಅಂತ ಆಗ ಗೊತ್ತಿರ್ಲಿಲ್ಲ."

ಆ ಮಗ ಊರಿನ ಕೌನ್ಸಿಲ್ ಚುನಾವಣೆಗೆ ನಿಂತ. ಕೌನ್ಸಿಲ್ ಅಂದರೆ ನಮ್ಮ ಪುರಸಭೆಯಂಥದ್ದು. ಅಲ್ಲಿ ಒಬ್ಬರಿಗೇ ಓಟು ಹಾಕಿ ಮುಗಿಯುವುದಿಲ್ಲ. ನಿಂತವರ ಹೆಸರಿನ ಮುಂದೆ ಒಂದು, ಎರಡು, ಮೂರು ಎಂದು ಇಷ್ಟದ ಪ್ರಕಾರ ನಂಬರ್ ಹಾಕಬೇಕು. ಮೊದಲ ನಂಬರಿನವನು ಗೆಲ್ಲದೆ ಹೊರಗೆ ಬಿದ್ದರೆ ಆ ಓಟು ಮುಂದಿನವನಿಗೆ ಹೋಗುತ್ತದೆ. ದೇಶ ಬಿಟ್ಟು ಬಂದ ಆಂಟಿಗೆ ಓಟಿರಲಿಲ್ಲ. ಫೋನಿತ್ತು. ಜರ್ಮನ್‌ಟೌನಿನ ಅಡುಗೆಮನೆಯಲ್ಲಿ ಕೂತು ಹಳೆಯ ನರ್ಸುಗಳಿಗೆ, ಅಂಗಡಿಯವರಿಗೆ, ಪಕ್ಕದ ಮನೆಯವರಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಜೋರು ಮಾಡುವರು. ಇಟ್ಟ ಮೇಲೆ ನನಗೆ ಕನ್ನಡದಲ್ಲಿ ವರದಿ. "ಒಂದು ಕೊಡ್ಲಿಕ್ಕೆ ಆಗುದಿಲ್ಲ ಅಂತೆ ಅವಳಿಗೆ. ಮೂರು ಕೊಡು, ನಾಲ್ಕಾದ್ರೂ ಕೊಡು, ಖಾಲಿ ಬಿಟ್ರೆ ನಿನ್ನ ಮನೆಗೆ ಬರುದಿಲ್ಲ ಅಂದೆ."

ಮಗನ ಫೇಸ್‌ಬುಕ್ ಪುಟದಲ್ಲಿ ಕೆಟ್ಟ ಕಾಮೆಂಟುಗಳು ಬರತೊಡಗಿದವು. ನಿನ್ನ ದೇಶಕ್ಕೆ ಹೋಗು ಎನ್ನುವುದೇ ಅದರಲ್ಲಿ ಮರ್ಯಾದೆಯದ್ದು. ಒಬ್ಬ ಬರೆದದ್ದನ್ನು ಓದಿ ಆಂಟಿ ಅವನ ಹೆಸರು ನೋಡಿದರು. ಅವನ ಅಮ್ಮನಿಗೆ ಆಸ್ಪತ್ರೆಯಲ್ಲಿ ಅವರೇ ಆರೈಕೆ ಮಾಡಿದ್ದರು. ತಕ್ಷಣ ಕೆಳಗೆ ಬರೆದೇಬಿಟ್ಟರು: "ಮಗಾ, ನಿನ್ನ ಅಮ್ಮನ ಕಾಲಿನ ಗಾಯ ಈಗ ಹೇಗಿದೆ? ನಾನು ಕೇಳಿದೆ ಅಂತ ಹೇಳು."

ಅವರ ಮನಸ್ಸಿನಲ್ಲಿ ಅದು ವಿಚಾರಿಸಿಕೊಳ್ಳುವುದು, ಅಷ್ಟೇ. ಆ ಊರಿನಲ್ಲಿ ಅದು ದೊಡ್ಡ ರಗಳೆಯಾಯಿತು. ರೋಗಿಯ ವಿಷಯವನ್ನು ನರ್ಸ್ ಆದವಳು ಎಲ್ಲರ ಮುಂದೆ ಹೇಳಬಹುದೇ ಎಂದು ಎದುರಾಳಿಗಳು ಹಿಡಿದುಕೊಂಡರು. ಮಗ ವಿಡಿಯೋ ಕಾಲ್ ಮಾಡಿ ತಲೆ ಚಚ್ಚಿಕೊಂಡ. ಅವರ ಮನೆಮಾತು ಕೊಂಕಣಿ, ನಾನಿದ್ದರೆ ನನಗಾಗಿ ಕನ್ನಡಕ್ಕೆ ತಿರುಗುತ್ತಿದ್ದರು.

"ಮಮ್ಮಾ, ಪ್ಲೀಸ್. ಇನ್ನು ಒಂದೂ ಕಾಮೆಂಟ್ ಹಾಕ್ಬೇಡ. ಪಾರ್ಟಿಯವರು ನನ್ನನ್ನು ಬೈತಿದ್ದಾರೆ."

"ನಾನು ಮಾಡಿದ್ದು ತಪ್ಪು. ಅವನ ಅಮ್ಮನ ಹತ್ರ ಕ್ಷಮೆ ಕೇಳ್ತೇನೆ. ಅವನ ಹತ್ರ ಅಲ್ಲ."

ಅಂದೇ ಆ ಹೆಂಗಸಿಗೆ ಫೋನ್ ಮಾಡಿ ಕ್ಷಮೆ ಕೇಳಿದರು. ಅವರು ನಕ್ಕು, ಗಾಯ ವಾಸಿಯಾಗಿದೆ, ಮಗನ ಬಾಯಿ ಮಾತ್ರ ವಾಸಿಯಾಗಿಲ್ಲ ಅಂದರಂತೆ. ಆಮೇಲೆ ಆಂಟಿ ಕಾಮೆಂಟ್ ಹಾಕಲಿಲ್ಲ. ಹಾಕದೆ ಇರುವುದು ಅವರಿಗೆ ಬಹಳ ಕಷ್ಟವಾಯಿತು.

ಕೆಲವು ದಿನಗಳ ನಂತರ ನಾನು ಹೋದಾಗ ಟೀ ಇಟ್ಟಿರಲಿಲ್ಲ. ಐಪ್ಯಾಡನ್ನು ನನ್ನ ಕಡೆ ತಿರುಗಿಸಿದರು. ಮಗನ ಪುಟದಲ್ಲಿ ಹೊಸ ಫೋಟೋ. ತೋಟದ ಗೇಟಿನ ಮುಂದೆ ನಗುತ್ತಾ ನಿಂತಿದ್ದಾನೆ, ಒಬ್ಬನೇ.

"ಚೆನ್ನಾಗಿದೆಯಲ್ಲ ಆಂಟಿ?"

"ಭುಜ ನೋಡು."

ಭುಜದ ಮೇಲೆ ನಾಲ್ಕು ಬೆರಳು ಇದ್ದವು. ಕೈಯ ಉಳಿದ ಭಾಗ, ಕೈಯ ಯಜಮಾನ, ಫೋಟೋದಿಂದ ಹೊರಗೆ. ಗಂಡನನ್ನು ಕತ್ತರಿಸಿ ಹಾಕಿದ್ದರು.

ಆಂಟಿ ಅಲ್ಲೇ ಕಾಲ್ ಮಾಡಿದರು. "ಈ ಕೈ ಯಾರದ್ದು ಅಂತ ಯಾರಾದ್ರೂ ಕೇಳಿದ್ರೆ ಎಂತ ಹೇಳ್ತಿ? ಭೂತದ್ದು ಅಂತಲಾ?"

ಮಗ ಸಮಾಧಾನ ಹೇಳಿದ. "ಇಲ್ಲಿ ಎಲ್ಲರಿಗೂ ಗೊತ್ತಿದೆ ಮಮ್ಮಾ, ನಾವು ಮುಚ್ಚಿಡ್ತಿಲ್ಲ. ಹಳ್ಳಿ ಕಡೆ ಮನೆಗಳೂ ನನ್ನ ಏರಿಯಾದಲ್ಲಿ ಉಂಟು. ನನ್ನ ಬಣ್ಣವೇ ಅವರಿಗೊಂದು ವಿಷಯ. ಒಂದೊಂದಾಗಿ ಹೇಳುವಾ ಅಂತ ಪಾರ್ಟಿಯ ಸೋಶಿಯಲ್ ಮೀಡಿಯಾದವರು ಹೇಳಿದ್ರು. ಕ್ರಾಪ್ ಮಾಡು ಅಂತ ಇವನೇ ಹೇಳಿದ್ದು."

ಇವನು ಎಂದರೆ ಗಂಡ, ಆ ಬಡಗಿ. ಅವನು ಪರದೆಯೊಳಗೆ ಬಂದು, ನಾನು ಸೈಡಿಗೆ ಇದ್ದರೆ ನಾಲ್ಕು ಓಟು ಹೆಚ್ಚು ಬರುತ್ತದೆ, ನನಗೇನೂ ಬೇಸರವಿಲ್ಲ ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನ ಮುಖ ಕೆಂಪಾಗಿತ್ತು. ಆಂಟಿಯೂ ಇಂಗ್ಲಿಷಿಗೆ ತಿರುಗಿದರು. ಅದು ನನಗೆ ಅರ್ಥವಾದದ್ದು ಹೀಗೆ: "ನೀನು ದೊಡ್ಡ ಮನಸ್ಸು ಮಾಡಬೇಡ. ದೊಡ್ಡ ಮನಸ್ಸು ಮಾಡಿ ಮಾಡಿಯೇ ನಿಮ್ಮಂಥವರು ಇಷ್ಟು ವರ್ಷ ಬಾಗಿಲ ಹಿಂದೆ ನಿಂತಿದ್ದು."

ಫೋನ್ ಇಟ್ಟು ಒಳಗೆ ಹೋದವರು ಚರ್ಚಿನ ಸೀರೆ ಉಟ್ಟುಕೊಂಡು ಬಂದರು. ಗೋಡೆಯಿಂದ ಮದುವೆಯ ಫೋಟೋ ಇಳಿಸಿ, ಗಾಜು ಒರೆಸಿ, ಕೈಯಲ್ಲಿ ಹಿಡಿದು ನಿಂತರು.

"ವಿಡಿಯೋ ಮಾಡು."

ಅಷ್ಟರಲ್ಲಿ ಪಕ್ಕದ ಊರಾದ ಕ್ಲಾರ್ಕ್ಸ್‌ಬರ್ಗಿನಿಂದ ಮಗಳು ತರಕಾರಿ ಕೊಡಲು ಬಂದಳು. ವಿಷಯ ತಿಳಿದು ಚೀಲ ಹಿಡಿದೇ ನಿಂತಳು. "ಮಮ್ಮಾ, ಅಣ್ಣ ಅಲ್ಲಿದ್ದಾನೆ. ಇಲ್ಲಿ ಸಂಡೇ ಚರ್ಚಿಗೆ ಹೋಗುವವರು ನಾವು. ಮಂಗಳೂರಿನ ಗ್ರೂಪಿಗೆಲ್ಲ ಫಾರ್ವರ್ಡ್ ಆಗ್ತದೆ. ಈ ಫೋಟೋ ಮನೆಯೊಳಗೆ ಉಂಟಲ್ಲ, ಸಾಲದಾ?"

"ಮನೆಯೊಳಗೆ ಇಡ್ಲಿಕ್ಕೆ ಧೈರ್ಯ ಬೇಡ ಮಗಾ. ನೀನು ಸ್ವಲ್ಪ ಆಚೆ ನಿಲ್ಲು, ನಿನ್ನ ನೆರಳು ಬೀಳ್ತದೆ."

ನಾನು ವಿಡಿಯೋ ಮಾಡಿದೆ. ನಿಮ್ಮ ಊರಿನ ಆಸ್ಪತ್ರೆಯಲ್ಲಿ ನಿಮ್ಮನ್ನು ನೋಡಿಕೊಂಡವಳು ನಾನು, ಇವನು ನನ್ನ ಮಗ, ಇವನು ಅವನ ಗಂಡ, ನಿಮ್ಮ ಬಾಗಿಲಿಗೆ ಇಬ್ಬರೂ ಬರುತ್ತಾರೆ, ಇಬ್ಬರನ್ನೂ ನೋಡಿ ಆಮೇಲೆ ನಂಬರ್ ಹಾಕಿ. ಅಷ್ಟೇ ಹೇಳಿದ್ದು. ಅದನ್ನು ಅವರು ತಮ್ಮ ಪುಟದಲ್ಲಿ ಹಾಕಲಿಲ್ಲ. ಮಗನಿಗೆ ಕಳಿಸಿ, ಜೊತೆಗೆ ಒಂದು ವಾಯ್ಸ್ ಮೆಸೇಜ್ ಬಿಟ್ಟರು. "ಚುನಾವಣೆ ನಿನ್ನದು. ಹಾಕುವುದು ಬಿಡುವುದು ನಿನ್ನಿಷ್ಟ. ಆದ್ರೆ ಆ ಕತ್ತರಿಸಿದ ಫೋಟೋಗೆ ನಾನು ಲೈಕ್ ಒತ್ತುವುದಿಲ್ಲ."

ಎರಡು ದಿನ ಉತ್ತರವಿಲ್ಲ. ಆಂಟಿ ನನ್ನ ಹತ್ತಿರ ಹವಾಮಾನದ ಮಾತಾಡಿದರು. ಮೂರನೆಯ ದಿನ ಮಗ ಹಳೆಯ ಫೋಟೋ ತೆಗೆದು, ಇಬ್ಬರೂ ಇರುವ ಪೂರ್ತಿ ಫೋಟೋ ಹಾಕಿದ. ಅದರ ಕೆಳಗೆ ಅಮ್ಮನ ವಿಡಿಯೋ. ಆಂಟಿ ಕನ್ನಡಕ ಒರೆಸಿಕೊಂಡು ಲೈಕ್ ಒತ್ತಿದರು. ಒಂದು ಸಲ ಒತ್ತಿದ್ದು ಸಾಲದೆಂದು ಮತ್ತೆ ಒತ್ತಿ, ಲೈಕ್ ಹೋಗಿ, ನನ್ನ ಮೇಲೆ ರೇಗಿ, ಮೂರನೆಯ ಸಲ ಒತ್ತಿದರು.

ಮಗಳು ಹೇಳಿದ್ದು ಸುಳ್ಳಾಗಲಿಲ್ಲ, ವಿಡಿಯೋ ಗ್ರೂಪುಗಳಿಗೆಲ್ಲ ಹೋಯಿತು. ಆ ತಿಂಗಳು ಅವರ ಚರ್ಚಿನ ಮಂಗಳೂರಿನವರು ಮನೆಯಿಂದ ಮನೆಗೆ ಜಪಸರ ಪ್ರಾರ್ಥನೆ ನಡೆಸುತ್ತಿದ್ದರು. ಆಂಟಿಯ ಸರದಿ ಬಂದ ಸಂಜೆ ಹಾಲಿನ ತುಂಬ ಕುರ್ಚಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಇಡ್ಲಿಯಂಥ ಸಾನ್ನ ಬೇಯಿಸಿದ್ದರು. ಬಂದವರು ಒಂದು ವಯಸ್ಸಾದ ದಂಪತಿ ಮಾತ್ರ. ಮಗಳು, ಅಳಿಯ ಅಡುಗೆಮನೆಯಲ್ಲೇ ನಿಂತಿದ್ದರು. ಆಂಟಿ ಗದ್ದ ಒತ್ತಿ ಗಡಿಯಾರ ನೋಡಿದರು. ಮೇಲೆ ಬಂದು ನಮ್ಮ ಬಾಗಿಲು ಬಡಿದರು.

"ಇಬ್ಬರೂ ಬನ್ನಿ."

"ಆಂಟಿ, ನಮಗೆ ನಿಮ್ಮ ಪ್ರಾರ್ಥನೆ ಬರಲ್ವಲ್ಲ."

"ಕುರ್ಚಿ ಮೇಲೆ ಕೂತ್ಕೊಳ್ಲಿಕ್ಕೆ ಬರ್ತದಲ್ಲ?"

ಹೋಗಿ ಕೂತೆವು. ಹೇಳಿದ ಟೈಮಿಗೆ ಸರಿಯಾಗಿ ಶುರು ಮಾಡಿದರು. ಖಾಲಿ ಕುರ್ಚಿಗಳನ್ನು ತೆಗೆಯಲಿಲ್ಲ. ಗೋಡೆಯ ಫೋಟೋವನ್ನೂ ತೆಗೆಯಲಿಲ್ಲ.

ಮಗ ಸೋತ. ಎಣಿಕೆ ಮೇಲೆ ಎಣಿಕೆ ನಡೆದು, ಎರಡು ಮೂರು ನಂಬರಿನ ಓಟುಗಳೆಲ್ಲ ಬಂದು ಸೇರಿಯೂ ಕೊನೆಯ ಸೀಟು ಸ್ವಲ್ಪದರಲ್ಲಿ ತಪ್ಪಿತು. ಆ ಫೋಟೋ ಹಾಕದಿದ್ದರೆ ಗೆಲ್ಲುತ್ತಿದ್ದನೇನೋ ಎಂದು ನನಗೂ ಅನ್ನಿಸಿತು. ಬಾಯಿ ಬಿಟ್ಟು ಹೇಳಲಿಲ್ಲ. ಆಂಟಿಗೆ ಗೊತ್ತಾಯಿತು.

"ಇರ್ಬಹುದು. ಹಾಗೆ ಗೆದ್ದಿದ್ರೆ ಐದು ವರ್ಷ ಗಂಡನನ್ನು ಬಾಗಿಲ ಹಿಂದೆ ನಿಲ್ಲಿಸ್ಬೇಕಿತ್ತು. ಈಗ ಸೋತದ್ದು ಪೂರ್ತಿ ಮನೆ. ಮುಂದಿನ ಸಲ ಪೂರ್ತಿ ಮನೆಯೇ ನಿಲ್ತದೆ."

ಅದೇ ವಾರ ಮುಂದಿನ ಚುನಾವಣೆಗೆ ಯಾರಿಗೆಲ್ಲ ಫೋನ್ ಮಾಡಬೇಕು ಎಂದು ಲೆಕ್ಕ ಹಾಕತೊಡಗಿದರು. ಮರುವರ್ಷದ ಚಳಿಗಾಲದಲ್ಲಿ ನ್ಯುಮೋನಿಯಾ ಬಂತು. ಆಸ್ಪತ್ರೆಯಲ್ಲಿ ಇಲ್ಲಿನ ನರ್ಸುಗಳಿಗೆ ದಿಂಬು ಇಡುವ ರೀತಿ ಹೇಳಿಕೊಡುತ್ತಲೇ ತೀರಿಕೊಂಡರು.

ನಮ್ಮ ಕಡೆಯ ಕನ್ನಡದವರ ಗ್ರೂಪಿಗೆ ಸುದ್ದಿ ಹಾಕಲು ಮಗಳು ನನಗೆ ಹೇಳಿದಳು. ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು ನಾನು, ಅರ್ಧ ದಿನ ಹಿಡಿಯಿತು. ಮಗಳು, ಅಳಿಯ, ಮಗ, ಮಗನ ಗಂಡ ಇವರನ್ನು ಅಗಲಿದ್ದಾರೆ ಎಂದು ಬರೆದೆ. ಗ್ರೂಪಿಗೆ ಬರುವುದನ್ನೆಲ್ಲ ನೋಡಿ ಹಾಕುವ ಹಿರಿಯರು ಫೋನ್ ಮಾಡಿದರು.

"ಅಲ್ಲಾ ರೀ, ಬಂಧು ಬಳಗ ಅಂತ ಹಾಕಿದ್ರೆ ಮುಗೀತಲ್ಲ. ಸಾವಿನ ಟೈಮಲ್ಲಿ ಇದೆಲ್ಲ ಯಾಕೆ? ಗ್ರೂಪಲ್ಲಿ ಮಕ್ಕಳೂ ಇದಾರೆ."

"ಸಾರ್, ಆ ಸಾಲು ಇದ್ರೆ ಹಾಕಿ. ಇಲ್ಲಾಂದ್ರೆ ಬೇಡ, ನಾನೇ ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳ್ತೀನಿ."

"ಏನ್ರೀ ಇಷ್ಟು ಹಟ?"

"ಹೌದು ಸಾರ್."

ಹಿರಿಯರ ಮಾತಿಗೆ ಎದುರಾಡಿ ನನಗೆ ಅಭ್ಯಾಸವಿಲ್ಲ. ತಲೆ ಆಡಿಸಿ ಬಂದವನು ನಾನು. ಆಂಟಿಯಿಂದ ನಾನು ಪಡೆದದ್ದರಲ್ಲಿ ಲೈಸೆನ್ಸು ಸಣ್ಣದು. ಸುದ್ದಿ ನಾನು ಬರೆದ ಹಾಗೆಯೇ ಹೋಯಿತು.

ಚರ್ಚಿಗೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ಜನ ಬಂದರು. ಮಗನೂ ಅವನ ಗಂಡನೂ ಹಿಂದಿನ ದಿನವೇ ಐರ್ಲೆಂಡಿನಿಂದ ಬಂದಿಳಿದಿದ್ದರು. ಮಗ ಮುಂದಿನ ಬೆಂಚಿನಲ್ಲಿ ತಂಗಿಯ ಪಕ್ಕ ಕೂತಿದ್ದ. ಅವನ ಗಂಡ ಹಿಂದೆ, ಬಾಗಿಲ ಬಳಿ ನಮ್ಮ ಜೊತೆ ನಿಂತುಬಿಟ್ಟಿದ್ದ, ಯಾರೂ ಹೇಳದೆ ತಾನಾಗಿಯೇ. ಪಾದ್ರಿಗಳು ಒಳಗೆ ಬಂದು ನಿಂತರು. ಆಗ ಮಗಳು ಎದ್ದಳು. ಎಲ್ಲರೂ ನೋಡುತ್ತಿದ್ದ ಹಾಗೆ ನಡುವಿನ ದಾರಿಯಲ್ಲಿ ಪೂರ್ತಿ ಹಿಂದಕ್ಕೆ ನಡೆದು ಬಂದು, ಅವನ ತೋಳು ಹಿಡಿದು, ಮುಂದಿನ ಬೆಂಚಿಗೆ ಕರೆದುಕೊಂಡು ಹೋದಳು. ಕೂತಿದ್ದವರು ಸರಿದು ಜಾಗ ಮಾಡಿದರು. ಅವನು ಕೂತ ಮೇಲೆ ಪೂಜೆ ಶುರುವಾಯಿತು.