ಗಾಜಿನ ಭರಣಿಯ ಟೀ ಪುಡಿ

ಕೆಂಪಕ್ಕ, ನಿನ್ನ ಕೈಗುಣ ಹೋಗಿರಲಿಲ್ಲ. ಕೆಟ್ಟದ್ದು ನನ್ನ ಟೀ ಪುಡಿ. ಅದು ಗೊತ್ತಾದ ಮೇಲೂ ಬಾಯಿ ಮುಚ್ಚಿಕೊಂಡಿದ್ದೆ — ಇಷ್ಟು ವರ್ಷ.

ಎಪ್ಪತ್ತರ ದಶಕದ ಕೊನೆ. ಭಾರತೀನಗರದ ಬಸ್ ನಿಲ್ದಾಣದ ಎದುರು ನನ್ನ ಹೋಟೆಲು, ಒಲೆಯ ಮುಂದೆ ನೀನು. ಮದ್ದೂರಿನ ಬಸ್ಸು ತಪ್ಪಿದರೂ ಸರಿ, ಕೆಂಪಕ್ಕನ ಟೀ ತಪ್ಪಬಾರದು ಎನ್ನುತ್ತಿದ್ದರು ಜನ. ನಿಮ್ಮ ಕಡೆ ಮದುವೆಯೆಂದರೆ ಸಾರಿನ ಮೊದಲ ಒಗ್ಗರಣೆಗೆ ನಿನ್ನ ಕೈಯೇ ಬೇಕಿತ್ತು.

ಆಗ ನನಗೊಂದು ಷೋಕಿ ಹತ್ತಿತು. ಎದುರಿಗೆ ಹೊಸ ಹೋಟೆಲು ಬಂದಿತ್ತಲ್ಲ — ಅವನಿಗಿಂತ ನಾನೇನು ಕಡಿಮೆ! ಟೀ ಪುಡಿ ಇಡುತ್ತಿದ್ದ ಮಸಿ ಹಿಡಿದ ತಗಡಿನ ಡಬ್ಬವನ್ನು ಅಟ್ಟಕ್ಕೆ ಎಸೆದು, ಮೈಸೂರಿನಿಂದ ದೊಡ್ಡ ಗಾಜಿನ ಭರಣಿ ತಂದೆ. ಅದರ ತುಂಬ ಟೀ ಪುಡಿ ಸುರಿದು, ಬಂದವರ ಕಣ್ಣಿಗೆ ಬೀಳಲೆಂದು ಬಿಸಿಲಿಗೇ ಇಟ್ಟೆ. ಮುಚ್ಚಳ ಸಡಿಲ, ಬೋಂಡ ಕರಿಯುವ ಎಣ್ಣೆಯ ಘಾಟೆಲ್ಲ ಅದರೊಳಕ್ಕೆ. ಪಾಪ, ನೀನು ದಿನಾ ಸೆರಗಿನಿಂದ ಅದನ್ನು ಒರೆಸಿ ಫಳಫಳ ಮಾಡುತ್ತಿದ್ದೆ.

ಟೀ ರುಚಿ ಕೆಟ್ಟಿತು. ಗಿರಾಕಿಗಳು ಗೊಣಗುತ್ತಾ ಎದುರಿನ ಹೋಟೆಲಿಗೆ ತಿರುಗಿದರು. ಒಂದು ಸಂಜೆ, ಬಸ್ಸಿಗೆ ಕಾಯುತ್ತಿದ್ದ ಜನರೆಲ್ಲರೆದುರು, ನಾನು ಕೂಗಿಬಿಟ್ಟೆ:

"ನಿನ್ ಕೈಗುಣ ಓಗ್ಬುಟ್ಟದೆ ಕಣಕ್ಕ! ಒಲೆ ಬುಟ್ಟು ಮನೆಗೋಗು!"

ನೀನು ನಿನ್ನ ಎರಡೂ ಕೈಗಳನ್ನು ನೋಡಿಕೊಂಡೆ. "ಅಂಗಾರೆ ಬತ್ತೀನಿ ಬುಡಣ್ಣ" ಎಂದು ಹೊರಟುಹೋದೆ.

ಮುಂದಿನ ವಾರ ಭರಣಿ ಒಡೆಯಿತು. ಹೊಸ ಪುಡಿಯನ್ನು ಹಳೆಯ ಡಬ್ಬಕ್ಕೇ ಸುರಿದೆ — ಬಿಗಿ ಮುಚ್ಚಳ, ಒಳಗೆ ಕತ್ತಲೆ. ನನ್ನ ಒರಟು ಕೈಯಲ್ಲಿ ಕಾಸಿದರೂ ಅದೇ ಹಿಂದಿನ ಘಮ! ಆಗಲೇ ಎಲ್ಲ ಅರ್ಥವಾಯಿತು. ಸೈಕಲ್ಲು ಹತ್ತಿದ್ದರೆ ನಿನ್ನ ಊರೇನು ದೂರವಿರಲಿಲ್ಲ. ಹತ್ತಲಿಲ್ಲ. ಹೋಟೆಲಿನವನದೇ ತಪ್ಪಂತೆ ಎಂದು ಜನ ಆಡಿಕೊಂಡರೆ...

ಅಷ್ಟರಲ್ಲಿ ನನ್ನ ಮಾತು ನಿನ್ನ ಊರು ಮುಟ್ಟಿತ್ತು. ಮದುವೆಗಳಿಗೆ ನಿನ್ನನ್ನು ಕರೆಯುವುದು ನಿಂತಿತು. ಅದಕ್ಕಿಂತ ಹೆಚ್ಚಾಗಿ — ನೀನೂ ಅದನ್ನು ನಂಬಿಬಿಟ್ಟೆ. ಇವತ್ತಿಗೂ ಮನೆಯ ಸಾರಿಗೆ ಉಪ್ಪು ಹಾಕಲು ಸೊಸೆಯನ್ನೇ ಕರೆಯುತ್ತೀಯಂತೆ. ಮೊನ್ನೆ ಇದನ್ನು ಕೇಳಿದಾಗಿನಿಂದ ನನಗೆ ನನ್ನ ಮೇಲೇ ಹೇಸಿಗೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ನಾಳೆ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿಮ್ಮೂರ ಅರಳಿಕಟ್ಟೆಯ ಮುಂದೆ, ಜನ ಸೇರಿರುವಾಗ, ಅಂದು ಕೂಗಿದಷ್ಟೇ ಗಟ್ಟಿಯಾಗಿ ಕೂಗಿ ಹೇಳುತ್ತೇನೆ — ಕೆಟ್ಟದ್ದು ನನ್ನ ಪುಡಿ, ಕೆಂಪಕ್ಕನ ಕೈಯಲ್ಲ. ಆಮೇಲೆ ನಿನ್ನ ಮನೆಗೆ ಬರುತ್ತೇನೆ. ಆ ತಗಡಿನ ಡಬ್ಬ ನನ್ನ ಕೈಯಲ್ಲಿರುತ್ತದೆ. ಒಲೆ ಹಚ್ಚುತ್ತೀಯೋ, ಬಾಗಿಲು ಹಾಕಿಕೊಳ್ಳುತ್ತೀಯೋ, ಅದು ನಿನಗೆ ಬಿಟ್ಟದ್ದು.